ಕೇಳಿದರೆ ಹೇಳುವ ಊರು: ಡ್ರೆಸ್ಡೆನ್‌ನಲ್ಲಿ ನನ್ನ ಮೊದಲ ಚಳಿಗಾಲ

ನಾನು ದಾವಣಗೆರೆಯವಳು. ಸಿವಿಲ್ ಎಂಜಿನಿಯರಿಂಗ್ ಮುಗಿಸಿ, ಸ್ವಲ್ಪ ಕಾಲ ಕೆಲಸ ಮಾಡಿ, 2024ರ ಸೆಪ್ಟೆಂಬರ್ ಕೊನೆಗೆ ಜರ್ಮನಿಯ ಡ್ರೆಸ್ಡೆನ್‌ಗೆ ಮಾಸ್ಟರ್ಸ್ ಓದಲು ಬಂದೆ. ಹೈಡ್ರೋ ಸೈನ್ಸ್ ಅಂಡ್ ಎಂಜಿನಿಯರಿಂಗ್ ಅಂತ ಕೋರ್ಸ್, ಪಾಠ ಇಂಗ್ಲಿಷಿನಲ್ಲಿ. ಭದ್ರಾ ನಾಲೆಗೆ ನೀರು ಯಾವಾಗ ಬಿಡುತ್ತಾರೆ, ಕೊನೆ ಭಾಗದ ಗದ್ದೆಗೆ ಬರುತ್ತೋ ಇಲ್ಲವೋ ಅನ್ನುವ ಮಾತು ಕೇಳಿಕೊಂಡೇ ಬೆಳೆದವಳು ನಾನು. ನೀರಿನ ಬಗ್ಗೆಯೇ ಓದಬೇಕು ಅಂತ ಮೊದಲಿನಿಂದ ಇತ್ತು.

ಹೊರಡುವ ಮುಂಚೆ ಎಲ್ಲರೂ ಚಳಿ, ಊಟ, ಭಾಷೆ ಈ ಮೂರರ ಬಗ್ಗೆಯೇ ಹೇಳಿದ್ದರು. ಅದೆಲ್ಲ ನಿಜವೇ. ಆದರೆ ಇಲ್ಲಿ ಬಂದ ಮೇಲೆ ನನಗೆ ಮೊದಲು ತಟ್ಟಿದ್ದು ಬೇರೆ ವಿಷಯ. ಇಲ್ಲಿ ಯಾರೂ ತಾವಾಗಿ ಏನೂ ಹೇಳುವುದಿಲ್ಲ. ನಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗ್ ಹಿಡಿದು ಆಚೆ ಈಚೆ ನೋಡಿದರೆ ಸಾಕು, "ಎಲ್ಲಿಗವ್ವಾ, ಹರಿಹರಕ್ಕಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಇಲ್ಲಿ ಎರಡು ದೊಡ್ಡ ಸೂಟ್‌ಕೇಸ್ ಇಟ್ಟುಕೊಂಡು ಸ್ಟೇಷನ್ನಿನಲ್ಲಿ ಎಷ್ಟು ಹೊತ್ತು ನಿಂತರೂ ಯಾರೂ ಮಾತಾಡಿಸುವುದಿಲ್ಲ. ನಾವೇ ಹೋಗಿ ಕೇಳಿದೆವೋ, ಅದೇ ಜನ ತಮ್ಮ ಕೆಲಸ ಬಿಟ್ಟು ನಿಂತು, ಫೋನ್ ತೆಗೆದು, ಯಾವ ಟ್ರಾಮ್, ಯಾವ ಕಡೆಯ ಸ್ಟಾಪ್, ಎಲ್ಲಿ ಇಳಿಯಬೇಕು ಅಂತ ಪೂರ್ತಿ ಹೇಳಿ ಹೋಗುತ್ತಾರೆ. ಇದನ್ನು ಅರ್ಥ ಮಾಡಿಕೊಳ್ಳುವವರೆಗೆ ಇಲ್ಲಿಯವರು ಒರಟರು ಅನ್ನಿಸುತ್ತದೆ. ಒರಟರಲ್ಲ. ಕೇಳದೆ ಇನ್ನೊಬ್ಬರ ವಿಷಯಕ್ಕೆ ಹೋಗಬಾರದು ಅನ್ನುವುದು ಇವರ ಮರ್ಯಾದೆ.

ಬರುವ ಮುಂಚಿನ ಕಾಗದಪತ್ರದ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಭಾರತದಿಂದ ಬರುವವರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಸರ್ಟಿಫಿಕೇಟ್ ಕಡ್ಡಾಯ. ನಮ್ಮ ಮಾರ್ಕ್ಸ್ ಕಾರ್ಡು, ಡಿಗ್ರಿ ಎಲ್ಲ ಅಸಲಿ ಅಂತ ಪರಿಶೀಲಿಸಿ ಕೊಡುವ ಪತ್ರ ಅದು. ಇದಕ್ಕೆ ಮೊದಲು ಅರ್ಜಿ ಹಾಕಿ, ಉಳಿದಿದ್ದು ಆಮೇಲೆ. ಇನ್ನೊಂದು ಬ್ಲಾಕ್ಡ್ ಅಕೌಂಟ್. ಒಂದು ವರ್ಷದ ಖರ್ಚಿನ ದುಡ್ಡನ್ನು ಮೊದಲೇ ಅದರಲ್ಲಿ ಇಡಬೇಕು. ನಾನು ವೀಸಾಕ್ಕೆ ಅರ್ಜಿ ಹಾಕಿದಾಗ 11,208 ಯೂರೋ ಇತ್ತು, 2024ರ ಸೆಪ್ಟೆಂಬರ್‌ನಿಂದ 11,904 ಆಯಿತು. ಅದು ನಮ್ಮದೇ ದುಡ್ಡು, ಆದರೆ ಒಟ್ಟಿಗೆ ತೆಗೆಯುವ ಹಾಗಿಲ್ಲ. ನನಗೆ ತಿಂಗಳಿಗೆ 934 ಯೂರೋ ಬರುತ್ತಿತ್ತು. ನನ್ನ ಕೋರ್ಸಿಗೆ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರ್‌ಗೆ ನಾನು ಸೇರಿದಾಗ ಸುಮಾರು 300 ಯೂರೋ ಇತ್ತು, ಅದರಲ್ಲೇ ಟ್ರಾಮ್, ಬಸ್ ಪಾಸೂ ಸೇರಿದೆ. ಆದರೂ ಬ್ಲಾಕ್ಡ್ ಅಕೌಂಟಿಗೇ ಹತ್ತು ಲಕ್ಷ ಬೇಕಲ್ವಾ? ನಾವು ಎಜುಕೇಶನ್ ಲೋನ್ ಮಾಡಿದೆವು. ಅಪ್ಪ ತಿಂಗಳು ತಿಂಗಳು ಬಡ್ಡಿ ಕಟ್ಟುತ್ತಿದ್ದರು.

ನಾನು ಬರುವ ಎರಡು ವಾರದ ಹಿಂದೆಯಷ್ಟೇ, ಸೆಪ್ಟೆಂಬರ್ 11ರ ಬೆಳಗಿನ ಜಾವ, ಊರ ಮಧ್ಯದ ಕಾರೋಲಾ ಸೇತುವೆಯ ಒಂದು ಭಾಗ ಎಲ್ಬ ನದಿಗೆ ಕುಸಿದು ಬಿದ್ದಿತ್ತು. ಬಿದ್ದದ್ದು ಟ್ರಾಮ್ ಹಳಿ ಇದ್ದ ಭಾಗವೇ. ಕೊನೆಯ ಟ್ರಾಮ್ ಸ್ವಲ್ಪ ಹೊತ್ತಿನ ಮುಂಚೆ ದಾಟಿ ಹೋಗಿತ್ತು, ಯಾರಿಗೂ ಏನೂ ಆಗಲಿಲ್ಲ. ಅದೇ ವಾರ ಮಧ್ಯ ಯುರೋಪಿನಲ್ಲೆಲ್ಲ ಭಾರೀ ಮಳೆಯಾಗಿ, ಮುಂದಿನ ವಾರ ಎಲ್ಬ ಆರು ಮೀಟರ್ ದಾಟಿತು. ಬಿದ್ದ ಸೇತುವೆ ನದಿಯಲ್ಲಿ, ಹಿಂದೆಯೇ ನೆರೆ! ನೀರಿನ ಬಗ್ಗೆ ಓದಲು ಬಂದವಳಿಗೆ ಇದಕ್ಕಿಂತ ದೊಡ್ಡ ಪಾಠ ಬೇಕಾ? ಮೊದಲ ಭಾನುವಾರ ನದಿ ದಂಡೆಗೆ ಹೋಗಿ ಬಹಳ ಹೊತ್ತು ನಿಂತು ನೋಡಿದೆ. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ಒಬ್ಬರನ್ನು 2002ರ ನೆರೆಯ ಬಗ್ಗೆ ಕೇಳಿದೆ. ಅಷ್ಟೇ ಕೇಳಿದ್ದು. ಅರ್ಧ ಇಂಗ್ಲಿಷ್, ಅರ್ಧ ಜರ್ಮನ್‌ನಲ್ಲಿ ಎಷ್ಟು ಹೇಳಿದರು! ಆ ಆಗಸ್ಟಿನಲ್ಲಿ ಎಲ್ಬ 9.40 ಮೀಟರ್‌ಗೆ ಏರಿತ್ತು. ಅದಕ್ಕೂ ಮೊದಲು ವೈಸೆರಿಟ್ಸ್ ಅನ್ನುವ ಚಿಕ್ಕ ನದಿ ನೂರು ವರ್ಷಕ್ಕೂ ಹಿಂದೆ ಜನ ತಿರುಗಿಸಿದ್ದ ದಾರಿ ಬಿಟ್ಟು ತನ್ನ ಹಳೆಯ ಪಾತ್ರಕ್ಕೇ ನುಗ್ಗಿ, ನಾನು ಸೂಟ್‌ಕೇಸ್ ಇಳಿಸಿದ ಅದೇ ಮುಖ್ಯ ರೈಲ್ವೆ ಸ್ಟೇಷನ್ನನ್ನು ಮುಳುಗಿಸಿತ್ತು. ಆಮೇಲೆ ಇದನ್ನೇ ಕ್ಲಾಸಿನಲ್ಲಿ ಲೆಕ್ಕದ ಸಮೇತ ಓದಿದೆವು.

ಈಗ ಮನೆ ವಿಳಾಸದ ವಿಷಯ. ಹೊಸದಾಗಿ ಬರುವವರು ಇದನ್ನು ಗಮನ ಕೊಟ್ಟು ಓದಿ, ಯಾಕೆಂದರೆ ಮೊದಲ ತಿಂಗಳ ಎಲ್ಲ ಕೆಲಸವೂ ಇದರ ಮೇಲೇ ನಿಂತಿರುತ್ತದೆ. ಮನೆಗೆ ಬಂದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಬಾಡಿಗೆ ಕರಾರು ಒಂದೇ ಸಾಲದು, ಈಕೆ ಇಂಥ ದಿನದಿಂದ ಇಲ್ಲಿ ವಾಸ ಇದ್ದಾಳೆ ಅಂತ ಮನೆ ಕೊಟ್ಟವರು ಸಹಿ ಮಾಡಿದ ಬೇರೆ ಒಂದು ಹಾಳೆ ಬೇಕು. ನೋಂದಣಿ ಆದ ಮೇಲೆ ತೆರಿಗೆ ನಂಬರ್ ಬರುತ್ತದೆ, ರೆಸಿಡೆನ್ಸ್ ಪರ್ಮಿಟ್‌ಗೂ ಅದೇ ಕಾಗದ ಬೇಕು. ಹಾಗಾಗಿ ರೂಮ್ ನೋಡುವಾಗ ಬಾಡಿಗೆ ಕೇಳುವ ಮುಂಚೆ "ಇಲ್ಲಿ ಆನ್‌ಮೆಲ್ಡುಂಗ್ ಮಾಡಬಹುದಾ?" ಅಂತಲೇ ಕೇಳಬೇಕು. ಕೆಲವರು ಆಗಲ್ಲ ಅನ್ನುತ್ತಾರೆ. ಅಂಥ ರೂಮ್ ಎಷ್ಟೇ ಅಗ್ಗ ಇದ್ದರೂ ಬೇಡ. ರೂಮ್ ತೋರಿಸದೆ, ವೀಡಿಯೊ ಕಾಲ್ ಕೂಡ ಮಾಡದೆ ಅಡ್ವಾನ್ಸ್ ಕೇಳುವವರಿಗೆ ಒಂದು ಪೈಸೆಯನ್ನೂ ಕಳಿಸಬೇಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಬಹಳ ಮುಖ್ಯ. ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರು ಇರಲೇಬೇಕು. ನಮ್ಮಲ್ಲಿ ಪೋಸ್ಟ್‌ಮ್ಯಾನ್ ಅಣ್ಣ ಪಕ್ಕದ ಮನೆಯಲ್ಲಿ ಕೇಳಿಯಾದರೂ ಕೊಟ್ಟು ಹೋಗುತ್ತಾರೆ. ಇಲ್ಲಿ ಡಬ್ಬಿ ಮೇಲೆ ಹೆಸರಿಲ್ಲ ಅಂದರೆ ಕಾಗದ ವಾಪಸ್ ಹೋಗುತ್ತದೆ. ತೆರಿಗೆ ನಂಬರ್, ಬ್ಯಾಂಕಿನ ಪಿನ್, ಆರೋಗ್ಯ ವಿಮೆಯ ಕಾರ್ಡ್ ಎಲ್ಲವೂ ಇಲ್ಲಿ ಇನ್ನೂ ಅಂಚೆಯಲ್ಲೇ ಬರುತ್ತವೆ. ಮನೆ ಕೀಲಿ ಸಿಕ್ಕ ದಿನವೇ ಹೆಸರು ಬರೆದು ಅಂಟಿಸಿ. ಹಾಗೆ ಬರುವ ಕಾಗದಗಳಲ್ಲಿ ಟಿವಿ-ರೇಡಿಯೋ ಶುಲ್ಕದ್ದೂ ಒಂದಿರುತ್ತದೆ. ಟಿವಿ ಇಲ್ಲದಿದ್ದರೂ ಒಂದು ಮನೆಗೆ ತಿಂಗಳಿಗೆ 18.36 ಯೂರೋ. ಮೂರು ಜನ ಇದ್ದರೆ ಮೂವರೂ ಕಟ್ಟಬೇಕಿಲ್ಲ, ಒಬ್ಬರು ಕಟ್ಟಿ ಉಳಿದವರು ಹಂಚಿಕೊಳ್ಳಬಹುದು. ಇದನ್ನೂ ಯಾರೂ ತಾವಾಗಿ ಹೇಳಲಿಲ್ಲ, ಜೊತೆಯಲ್ಲಿದ್ದ ಜರ್ಮನ್ ಹುಡುಗಿಯನ್ನು ಕೇಳಿದ್ದಕ್ಕೆ ಗೊತ್ತಾಯಿತು.

ಹೆಸರು ಅಂದ ಕೂಡಲೇ ನೆನಪಾಯಿತು. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರಿದೆ. ನಮ್ಮ ಕಡೆ ಬಹಳ ಜನರದ್ದು ಹಾಗೇ ಇರುತ್ತದೆ. ಇಲ್ಲಿ ಕಚೇರಿ, ಬ್ಯಾಂಕ್, ಡಾಕ್ಟರ್ ಎಲ್ಲರೂ ಸರ್‌ನೇಮ್‌ನಿಂದಲೇ ಕರೆಯುತ್ತಾರೆ. ಹಾಗಾಗಿ ಊರಲ್ಲೆಲ್ಲ ನನ್ನನ್ನು ಅಪ್ಪನ ಹೆಸರಿನಿಂದ ಕರೆಯುತ್ತಾರೆ, ಮುಂದೆ "ಫ್ರಾವ್", ಅಂದರೆ ಮೇಡಂ ಅಂತ ಸೇರಿಸಿ. ಮೊದಲ ಸಲ ಕಚೇರಿಯಲ್ಲಿ ಆ ಹೆಸರು ಕೂಗಿದಾಗ ಎದ್ದು ನಿಂತೆ, ಗಂಟಲು ಕಟ್ಟಿತು. ಅಪ್ಪ ಹೊಲ, ಅಂಗಡಿ ಬಿಟ್ಟು ಹೆಚ್ಚು ದೂರ ಹೋದವರಲ್ಲ, ಅವರ ಹೆಸರು ಎಲ್ಬ ದಂಡೆಯ ಒಂದು ಊರಿನ ಕಡತದಲ್ಲಿ ಕೂತಿದೆ.

ಪಾಠ. ನಮ್ಮ ಯೂನಿವರ್ಸಿಟಿಯಲ್ಲಿ ದಿನವನ್ನು ಒಂದೂವರೆ ಗಂಟೆಯ ಪಾಳಿಗಳಾಗಿ ಮಾಡಿದ್ದಾರೆ. ಮೊದಲನೆಯದು ಬೆಳಿಗ್ಗೆ 7:30ಕ್ಕೆ. ಡಿಸೆಂಬರ್‌ನಲ್ಲಿ ಸೂರ್ಯ ಹುಟ್ಟುವುದೇ 8ರ ಸುಮಾರಿಗೆ, ಕತ್ತಲಲ್ಲೇ ಟ್ರಾಮ್ ಹತ್ತಬೇಕು. ಸಂಜೆ 4ಕ್ಕೆಲ್ಲ ಮತ್ತೆ ಕತ್ತಲು. ಪಾಠ ಮುಗಿದಾಗ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವುದಿಲ್ಲ, ಬೆರಳ ಗೆಣ್ಣಿನಿಂದ ಡೆಸ್ಕ್ ಕುಟ್ಟುತ್ತಾರೆ. ನನ್ನ ಕ್ಲಾಸುಗಳಲ್ಲಿ ಅಟೆಂಡೆನ್ಸ್ ತೆಗೆಯುವುದಿಲ್ಲ, ಇಂಟರ್ನಲ್ಸ್ ಇಲ್ಲ. ಹೆಚ್ಚಿನ ವಿಷಯಗಳಲ್ಲಿ ಕೊನೆಯ ಒಂದು ಪರೀಕ್ಷೆಯೇ ಎಲ್ಲ. ಆ ಪರೀಕ್ಷೆಗೂ ನಾವೇ ನೋಂದಾಯಿಸಬೇಕು, ಕೊನೆಯ ದಿನ ದಾಟಿದರೆ ಕೂರುವ ಹಾಗಿಲ್ಲ. ಗ್ರೇಡ್ ಕೂಡ ತಿರುಗುಮುರುಗು: 1.0 ಅತಿ ಒಳ್ಳೆಯದು, 4.0 ಪಾಸಾಗುವ ಗೆರೆ, 5.0 ಫೇಲ್.

ನನಗೆ ಕಷ್ಟವಾಗಿದ್ದು ಪಾಠ ಅಲ್ಲ, ಕೈ ಎತ್ತುವುದು. ನಮ್ಮ ಕಾಲೇಜಿನಲ್ಲಿ ಡೌಟ್ ಇದ್ದರೆ ಕ್ಲಾಸ್ ಮುಗಿದ ಮೇಲೆ ಸರ್ ಹಿಂದೆ ಹೋಗಿ ಮೆಲ್ಲಗೆ ಕೇಳುತ್ತಿದ್ದೆವು. ಇಲ್ಲಿ ಪ್ರೊಫೆಸರ್ ಮಧ್ಯೆ ನಿಲ್ಲಿಸಿ "ಪ್ರಶ್ನೆ?" ಅಂದು ಕಾಯುತ್ತಾರೆ, ನಿಜವಾಗಿಯೂ ಕಾಯುತ್ತಾರೆ. ಸುಮ್ನೆ ಕೂತರೆ ಎಲ್ಲರಿಗೂ ತಿಳಿದಿದೆ ಅಂತಲೇ ಲೆಕ್ಕ, ಮುಂದೆ ಹೋಗುತ್ತಾರೆ. ಒಂದು ದಿನ ನದಿ ಹರಿವಿನ ಸಮೀಕರಣವೊಂದರಲ್ಲಿ ಒಂದು ಊಹೆ ನನಗೆ ಸರಿ ಕಾಣಲಿಲ್ಲ. ನಮ್ಮ ನಾಲೆಗಳಲ್ಲಿ ಹೂಳು, ಕಳೆ ತುಂಬಿ ಹರಿವು ಸೀಸನ್‌ಗೆ ತಕ್ಕಂತೆ ಬದಲಾಗುತ್ತದೆ, ಅಲ್ಲಿ ಇದು ಹೇಗೆ ಹೊಂದುತ್ತದೆ ಅಂತ ಕೇಳಿಯೇಬಿಟ್ಟೆ. ಅವರು ಬೋರ್ಡ್ ಒರೆಸಿ, ನನ್ನಿಂದ ನಾಲೆಯ ಅಗಲ, ಇಳಿಜಾರು ಎಲ್ಲ ಕೇಳಿ, ಉಳಿದ ಅರ್ಧ ಗಂಟೆ ಅದನ್ನೇ ಬಿಡಿಸಿದರು. ಭದ್ರಾ ನಾಲೆ ಡ್ರೆಸ್ಡೆನ್‌ನ ಬೋರ್ಡ್ ಮೇಲೆ! ಅವತ್ತಿನಿಂದ ನನ್ನ ಹೆದರಿಕೆ ಹೋಯಿತು.

ಊಟದ ಬಗ್ಗೆ ನೀವು ಅಂದುಕೊಂಡಷ್ಟು ಚಿಂತೆ ಬೇಡ. ಕ್ಯಾಂಟೀನ್‌ಗೆ ಇಲ್ಲಿ ಮೆನ್ಸಾ ಅನ್ನುತ್ತಾರೆ, ಸಸ್ಯಾಹಾರ ಪ್ರತಿದಿನ ಇರುತ್ತದೆ, ವಿದ್ಯಾರ್ಥಿಗಳಿಗೆ ಕಡಿಮೆ ಬೆಲೆ. ಕೆಂಪು ತೊಗರಿಯಂತೆ ಕಾಣುವ ಮಸೂರ್ ಬೇಳೆ ಎಲ್ಲ ಸೂಪರ್ ಮಾರ್ಕೆಟ್‌ನಲ್ಲೂ ಸಿಗುತ್ತದೆ. ತೊಗರಿಬೇಳೆ, ಉದ್ದಿನಬೇಳೆಗೆ ಏಷ್ಯನ್ ಅಂಗಡಿಗೆ ಹೋಗಬೇಕು. ಊರಿಂದ ತರುವಾಗ ಒಂದು ನೆನಪಿಡಿ: ಯುರೋಪಿಯನ್ ಯೂನಿಯನ್ ಒಳಗೆ ಹಾಲಿನ ಪದಾರ್ಥ ತರುವ ಹಾಗಿಲ್ಲ. ತುಪ್ಪ, ಪೇಡೆ ಏನೂ ಬೇಡ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಸಾರಿನ ಪುಡಿ ತನ್ನಿ. ತುಪ್ಪ ಇಲ್ಲೇ ಕಾಯಿಸಬಹುದು. ಉಪ್ಪಿಲ್ಲದ ಬೆಣ್ಣೆ 250 ಗ್ರಾಂ ಪ್ಯಾಕೆಟ್‌ನಲ್ಲಿ ಎಲ್ಲ ಕಡೆ ಸಿಗುತ್ತದೆ, ಬಹಳ ಒಳ್ಳೆಯ ಬೆಣ್ಣೆ, ಬೆಣ್ಣೆ ದೋಸೆಯ ಊರಿನವಳಾಗಿ ಇದನ್ನು ಒಪ್ಪಿಕೊಂಡೇ ಹೇಳುತ್ತೇನೆ. ದೋಸೆ ಹಿಟ್ಟು ಚಳಿಗೆ ಹುದುಗು ಬರಲ್ಲ, ಪಾತ್ರೆಗೆ ಟವೆಲ್ ಸುತ್ತಿ ಹೀಟರ್ ಪಕ್ಕ ಇಟ್ಟರೆ ಬರುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ತಂದಿಟ್ಟುಕೊಳ್ಳಿ. ಜೊತೆಗೆ ರಾಜ್ಯದ ರಜೆಗಳೂ ಬೇರೆ. ನವೆಂಬರ್‌ನಲ್ಲಿ ಒಂದು ಬುಧವಾರ ಡ್ರೆಸ್ಡೆನ್ ಇರುವ ಸಾಕ್ಸನಿ ರಾಜ್ಯಕ್ಕೆ ಮಾತ್ರ ರಜೆ ಇದೆ, ಬೇರೆ ರಾಜ್ಯದ ಸ್ನೇಹಿತರಿಗೆ ಅದು ಗೊತ್ತೇ ಇರಲ್ಲ.

ಅಡುಗೆ ಮಾಡಿದ ಮೇಲೆ ಕಿಟಕಿ ಪೂರ್ತಿ ತೆಗೆದು ಗಾಳಿ ಆಡಿಸಬೇಕು, ಸೊನ್ನೆ ಡಿಗ್ರಿ ಇದ್ದರೂ. ಇಲ್ಲದಿದ್ದರೆ ಗೋಡೆಗೆ ಬೂಸ್ಟು ಹಿಡಿಯುತ್ತದೆ, ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ದುಡ್ಡು ಹಿಡಿಯುತ್ತಾರೆ. ರಾತ್ರಿ 10ರ ನಂತರ ಮಿಕ್ಸಿ ಬೇಡ.

ಅಮ್ಮನ ಜೊತೆ ಮಾತಾಡುವ ಹೊತ್ತು ಅಕ್ಟೋಬರ್ ಕೊನೆಯ ಭಾನುವಾರ ಬದಲಾಯಿತು. ಅವತ್ತು ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ನಮಗೂ ಊರಿಗೂ ಇದ್ದ ಮೂರೂವರೆ ಗಂಟೆ ಅಂತರ ನಾಲ್ಕೂವರೆ ಆಗುತ್ತದೆ. ನಾನು ಕ್ಲಾಸ್ ಮುಗಿಸಿ ಬರುವಷ್ಟರಲ್ಲಿ ಅಮ್ಮನಿಗೆ ನಿದ್ದೆ ಹೊತ್ತು. ಆದರೂ "ಊಟ ಆತೇನವ್ವಾ?" ಅಂತ ಕೇಳದೆ ಮಲಗುತ್ತಿರಲಿಲ್ಲ. ಆ ಚಳಿಗಾಲದಲ್ಲಿ ನಾನು ಕೇಳದೆಯೇ ನನ್ನನ್ನು ವಿಚಾರಿಸುತ್ತಿದ್ದವರು ಅವರೊಬ್ಬರೇ ಅನ್ನಿಸಿ ಒಮ್ಮೊಮ್ಮೆ ಅತ್ತಿದ್ದೂ ಇದೆ.

ಫೆಬ್ರವರಿಯಲ್ಲಿ ಪರೀಕ್ಷೆ ಮುಗಿಯಿತು. ಆಮೇಲೆ ಕೆಲಸ ಹುಡುಕಿದೆ. ನಮ್ಮಂಥ ವಿದ್ಯಾರ್ಥಿಗಳು ಹೊರಗೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಯೂನಿವರ್ಸಿಟಿ ಒಳಗಿನ ಸಹಾಯಕರ ಕೆಲಸ, ಅಂದರೆ ಹಿವಿ, ಈ ಲೆಕ್ಕಕ್ಕೆ ಬರುವುದಿಲ್ಲ. ಅಂಥ ಎಷ್ಟೋ ಕೆಲಸಗಳಿಗೆ ಜಾಹೀರಾತೇ ಇರುವುದಿಲ್ಲ. ನಾಲೆಯ ಲೆಕ್ಕ ಬಿಡಿಸಿದ ಆ ಪ್ರೊಫೆಸರ್ ಹತ್ತಿರವೇ ಹೋಗಿ, ನಿಮ್ಮ ಗುಂಪಿನಲ್ಲಿ ಏನಾದರೂ ಕೆಲಸ ಇದೆಯಾ ಅಂತ ಕೇಳಿದೆ. ಗ್ರೇಡ್ ಶೀಟ್ ಹಚ್ಚಿ ಮೇಲ್ ಮಾಡು ಅಂದರು. ಕರಾರು ಬರಲು ಸುಮಾರು ಸಮಯ ಹಿಡಿಯಿತು, ಬಂತು. ಮಳೆ ಮತ್ತು ನದಿ ಮಟ್ಟದ ಹಳೆಯ ದಾಖಲೆಗಳನ್ನು ಸರಿಪಡಿಸಿ ಕಂಪ್ಯೂಟರ್‌ಗೆ ಹಾಕುವ ಕೆಲಸ.

ಮೊದಲ ಸಂಬಳ ಬಂದಾಗ ಅಪ್ಪನಿಗೆ ಫೋನ್ ಮಾಡಿ, ಇನ್ನು ಮೇಲೆ ಲೋನಿನ ಬಡ್ಡಿ ನಾನು ಕಟ್ಟುತ್ತೇನೆ ಅಂದೆ. "ಅದಿರ್ಲಿ, ಮೊದ್ಲು ಒಂದು ಒಳ್ಳೆ ಸ್ವೆಟರ್ ತಗಳವ್ವಾ" ಅಂದರು. ಸ್ವೆಟರ್ ಆಗಲೇ ತಗೊಂಡಿದ್ದೆ. ಬಡ್ಡಿ ಆ ತಿಂಗಳಿನಿಂದ ನನ್ನ ದುಡ್ಡಿನಲ್ಲೇ ಹೋಗುತ್ತಿದೆ.