ಹೊಸಬರಿಗೆ ಮಾರ್ಗದರ್ಶಿ: ಮಳೆ ಬರುವಾಗ ಮನೆಯನ್ನು ಒಂದು ಸುತ್ತು ನೋಡಿ

ತುಮಕೂರಿಗೆ ಹೊಸದಾಗಿ ಬಂದಿರುವ ಎಲ್ಲ ಕುಟುಂಬಗಳಿಗೂ ನಮ್ಮ ಕನ್ನಡ ಸಂಘದ ನಮಸ್ಕಾರ. ವಸಂತನರಸಾಪುರದ ಕಾರ್ಖಾನೆಗಳ ಕೆಲಸಕ್ಕೆ ಬಂದವರು, ವರ್ಗವಾಗಿ ಬಂದವರು, ಬೆಂಗಳೂರಿನ ಬಾಡಿಗೆ ತಡೆಯಲಾರದೆ ಇಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಮಾಡಿ ದಿನಾ ರೈಲಿನಲ್ಲಿ ಓಡಾಡುವವರು, ಎಲ್ಲರೂ ನಮ್ಮನ್ನು ಕೇಳುವುದು ಕುಡಿಯುವ ನೀರು, ಶಾಲೆ, ಗ್ಯಾಸ್ ವಿಚಾರ. ಪಾಯದ ಬಗ್ಗೆ ಯಾರೂ ಕೇಳುವುದಿಲ್ಲ. ಗೋಡೆ ಬಿರುಕು ಬಿಟ್ಟ ಮೇಲೆ ಕೇಳುತ್ತಾರೆ. ಅದಕ್ಕೇ ಮೊದಲೇ ಹೇಳುತ್ತಿದ್ದೇವೆ.

ಕರಾವಳಿ, ಮಲೆನಾಡಿನಿಂದ ಬಂದವರಿಗೆ ಇಲ್ಲಿನದು ಮಳೆಯೇ ಅಲ್ಲ ಅನ್ನಿಸಬಹುದು. ಜೂನ್, ಜುಲೈನಲ್ಲಿ ಸುಮ್ನೆ ನಾಲ್ಕು ಹನಿ ಹಾಕಿ ಹೋಗುತ್ತದೆ. ಜೋರು ಮಳೆ ಜಾಸ್ತಿ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಉತ್ತರೆ, ಹಸ್ತ, ಚಿತ್ತೆ ಮಳೆಗಳ ಕಾಲಕ್ಕೆ. ಅದೂ ಒಂದೆರಡು ಗಂಟೆಯಲ್ಲಿ ಸುರಿದುಬಿಡುತ್ತದೆ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು. 1,000 ಚದರಡಿ ತಾರಸಿಗೆ 50 ಮಿ.ಮೀ. ಬಿದ್ದರೆ ಸುಮಾರು 4,600 ಲೀಟರ್. ಅಷ್ಟೂ ನೀರು ಎರಡೋ ಮೂರೋ ಪೈಪಿನಲ್ಲಿ ಇಳಿದು ಮನೆಯ ಬುಡಕ್ಕೇ ಬೀಳುತ್ತದೆ, ಅಲ್ವಾ? ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ನೋಡಿದ್ದೀರಾ?

ನಾನು ನೋಡಿರಲಿಲ್ಲ. ನಮ್ಮ ಮನೆಯ ಹಿಂದಿನ ಮೂಲೆಯ ಪೈಪು ನೆಲಕ್ಕಿಂತ ಒಂದಡಿ ಮೇಲೇ ನಿಂತಿತ್ತು. 2022ರಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಬಿದ್ದವು, ಆ ಮಳೆಗೆ ಪೈಪಿನ ಕೆಳಗೆ ಬಕೆಟ್ ಇಡುವಷ್ಟು ಗುಂಡಿಯಾಯಿತು. ಕೆಂಪು ಮಣ್ಣೆಲ್ಲ ಕೊಚ್ಚಿಹೋಗಿ ಪಾಯದ ಸೈಜುಗಲ್ಲು ಹೊರಗೆ ಕಾಣುತ್ತಿತ್ತು, ಕಲ್ಲಿನ ಸಂದಿಯ ಗಾರೆ ಬೆರಳಲ್ಲಿ ಕೆದಕಿದರೆ ಉದುರುತ್ತಿತ್ತು. ದೀಪಾವಳಿ ಹೊತ್ತಿಗೆ ಅಡುಗೆಮನೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಇಳಿಯಿತು. ಒಂದು ಬೆಂಡು, ಐದಡಿ ಪೈಪು ಹಾಕಿಸಿದ್ದರೆ ಮುಗಿಯುತ್ತಿತ್ತು.

ಹಾಗಾಗಿ ಮೊದಲ ಜೋರು ಮಳೆಗೆ, ಗುಡುಗು ಸಿಡಿಲು ಇಲ್ಲದಿರುವಾಗ, ಕೊಡೆ ಹಿಡಿದು ಮನೆಯ ಸುತ್ತ ಒಂದು ಸುತ್ತು ಬನ್ನಿ. ಬಿಸಿಲಲ್ಲಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ನೀರು ಎಲ್ಲಿ ನಿಲ್ಲುತ್ತದೆ, ಯಾವ ಪೈಪಿನ ಜಾಯಿಂಟು ಸೋರುತ್ತದೆ, ಸಜ್ಜದ ನೀರು ಹೊರಗೆ ಬೀಳುತ್ತದೋ ಗೋಡೆ ಹಿಡಿದು ಇಳಿಯುತ್ತದೋ, ಎಲ್ಲ ಕಾಣುತ್ತದೆ. ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ. ಬಾಡಿಗೆ ಮನೆಯಾದರೆ ಓನರಿಗೆ ಅದನ್ನೇ ಕಳಿಸಿ, ಬಾಯಲ್ಲಿ ಹೇಳುವುದಕ್ಕಿಂತ ಬೇಗ ಕೆಲಸ ಆಗುತ್ತದೆ.

ಗೋಡೆ ಮತ್ತು ಕಾಂಪೌಂಡಿನ ನಡುವೆ ಸಾಮಾನ್ಯವಾಗಿ ಮೂರಡಿ ಜಾಗ ಇರುತ್ತದೆ. ಅಲ್ಲಿ ಕಾಂಕ್ರೀಟ್ ಹಾಕಿಸುವಾಗ ಕಾಂಪೌಂಡಿನ ಕಡೆಗೆ ಒಂದಿಂಚಾದರೂ ಇಳಿಜಾರು ಇರಲಿ. ಮಟ್ಟ ನೋಡುವುದು ಸುಲಭ, ಒಂದು ಚೊಂಬು ನೀರು ಸುರಿದು ನೋಡಿ. ಮನೆ ಕಡೆಗೆ ವಾಪಸ್ ಬಂದರೆ ಮೇಸ್ತ್ರಿಗೆ ಸಿಮೆಂಟು ಹಸಿ ಇರುವಾಗಲೇ ತೋರಿಸಿ. ಬಚ್ಚಲು ನೀರಿಗೆ ಅಂತ ಗೋಡೆಗೆ ಅಂಟಿಕೊಂಡೇ ಬಾಳೆ, ಕೆಸು ಹಾಕುವುದು ನಮ್ಮೂರ ಕಡೆ ರೂಢಿ. ನೀರು ವ್ಯರ್ಥ ಮಾಡಬಾರದು ಅನ್ನುವುದು ಒಳ್ಳೆಯದೇ, ಆದರೆ ಪಾಯ ವರ್ಷವಿಡೀ ನೆನೆಯುತ್ತದೆ. ಬಾಳೆಯನ್ನು ಐದಾರಡಿ ದೂರ ಹಾಕಿ. ಸೈಟು ಹಳೆ ಕೆರೆ ಅಂಗಳದಲ್ಲೋ ತುಂಬಿಸಿದ ಮಣ್ಣಿನ ಮೇಲೋ ಇದ್ದರೆ ಇನ್ನೂ ಹುಷಾರಾಗಿರಿ. ಜೇಡಿಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಗೋಡೆ ಅದರ ಜೊತೆಯೇ ಅಲುಗುತ್ತದೆ.

ಮಳೆ ನೀರಿನ ಪೈಪನ್ನು ಯುಜಿಡಿ (ಒಳಚರಂಡಿ) ಛೇಂಬರಿಗೆ ಮಾತ್ರ ಸೇರಿಸಬೇಡಿ. ಜೋರು ಮಳೆಗೆ ಆ ಲೈನು ತುಂಬಿ, ತಗ್ಗಿನಲ್ಲಿರುವವರ ಬಚ್ಚಲಿನಿಂದ ಕೊಳಕು ನೀರು ಉಕ್ಕುತ್ತದೆ. ಸಂಪಿಗೋ ಇಂಗುಗುಂಡಿಗೋ ರಸ್ತೆ ಚರಂಡಿಗೋ ಬಿಡಿ. ಇಂಗುಗುಂಡಿ ಪಾಯದ ಪಕ್ಕದಲ್ಲಿ ಬೇಡ.

ಸಂಪು ಸೋರುತ್ತಿದೆಯಾ ಅನ್ನುವ ಅನುಮಾನ ಇದ್ದರೆ, ರಾತ್ರಿ ಮೋಟಾರು ಆಫ್ ಮಾಡಿ, ನೀರು ಬರುವ ನಲ್ಲಿ ಕಟ್ಟಿ, ಮೇಲಿನಿಂದಲೇ ಕೋಲು ಇಳಿಸಿ ನೀರಿನ ಗುರುತು ಹಾಕಿ. ಬೆಳಿಗ್ಗೆ ಮತ್ತೆ ಇಳಿಸಿ ನೋಡಿ. ಯಾವ ಕಾರಣಕ್ಕೂ ಒಳಗೆ ಇಳಿಯಬೇಡಿ, ಮುಚ್ಚಿದ ಸಂಪಿನಲ್ಲಿ ಉಸಿರು ಕಟ್ಟುತ್ತದೆ.

ಬಿರುಕು ಕಂಡ ತಕ್ಷಣ ಹೆದರಬೇಡಿ. ಗಾರೆ ಮೇಲಿನ ಕೂದಲೆಳೆ ಗೀರು ಎಲ್ಲ ಮನೆಯಲ್ಲೂ ಇರುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿ ತಾರೀಕು ಬರೆಯಿರಿ. ಎರಡು ತಿಂಗಳಲ್ಲಿ ಗೀಟು ದಾಟಿದರೆ, ಮೆಟ್ಟಿಲು ಮೆಟ್ಟಿಲಾಗಿ ಓರೆಗೆ ಹೋಗುತ್ತಿದ್ದರೆ, ಬಾಗಿಲು ಚೌಕಟ್ಟಿಗೆ ಹಿಡಿಯತೊಡಗಿದರೆ, ಸಿವಿಲ್ ಇಂಜಿನಿಯರನ್ನು ಕರೆಸಿ. ಪುಟ್ಟಿ ಮೆತ್ತಿ ಮುಚ್ಚಿಬಿಡುವವರೇ ಜಾಸ್ತಿ. ಕಾರಣ ಒಳಗೇ ಉಳಿಯುತ್ತದೆ.

ಪೇಂಟಿನ ವಿಚಾರದಲ್ಲೂ ಇದೇ ಮಾತು. ಗೋಡೆಯ ಕೆಳಭಾಗದಲ್ಲಿ ಬಿಳಿ ಉಪ್ಪಿನಂಥ ಪುಡಿ ಉದುರುತ್ತಿದ್ದರೆ ತೇವ ಕೆಳಗಿನಿಂದ ಏರುತ್ತಿದೆ ಅಂತ ಅರ್ಥ. ಗಣೇಶನ ಹಬ್ಬಕ್ಕೆ ಅಂತ ಹಸಿ ಗೋಡೆಗೆ ಬಣ್ಣ ಹೊಡೆಸಬೇಡಿ, ಯುಗಾದಿಗೆ ಹೊಡೆಸಿ. ಅಷ್ಟರಲ್ಲಿ ಗೋಡೆ ಚೆನ್ನಾಗಿ ಒಣಗಿರುತ್ತದೆ.

ತಾರಸಿಯನ್ನು ಏಪ್ರಿಲ್ ಕೊನೆಗೆ ಬರುವ ಭರಣಿ ಮಳೆಗೆ ಮುಂಚೆ ಗುಡಿಸಿ, ಪೈಪಿನ ಬಾಯಿಗೆ ಜಾಲರಿ ಹಾಕಿ. ಹಾಗೇ ಸಜ್ಜ, ಪ್ಯಾರಪೆಟ್ ಸಂದಿಗಳಲ್ಲಿ ಅರಳಿ ಸಸಿ ಇದೆಯಾ ನೋಡಿ. ಹಕ್ಕಿ ಹಾಕಿದ ಬೀಜ ಅದು. ಕತ್ತರಿಸಿದರೆ ಸಾಲದು, ಮತ್ತೆ ಚಿಗುರುತ್ತದೆ. ಎರಡೆಲೆ ಇರುವಾಗ, ಮಳೆ ಬಂದ ಮಾರನೇ ದಿನ, ಬೇರು ಸಮೇತ ಎಳೆದರೆ ಬರುತ್ತದೆ. ಬೇರು ಒಳಗೆ ಹೋಗಿದ್ದರೆ ಗಾರೆ ಒಡೆದು ತೆಗೆಸಿ, ಮತ್ತೆ ಸಿಮೆಂಟು ಹಾಕಿಸಿ. ಅರಳಿ ಗಿಡ ಕೀಳುವುದಾ ಅಂತ ಮನಸ್ಸು ಹಿಂಜರಿದರೆ ಒಂದು ಡಬ್ಬಕ್ಕೆ ಹಾಕಿಟ್ಟುಕೊಳ್ಳಿ, ಬೇರು ಹಿಡಿದ ಮೇಲೆ ಬಯಲಿನಲ್ಲಿ ನೆಡಬಹುದು. ನಮ್ಮ ಸಜ್ಜದ ಮೇಲೆ ಹುಟ್ಟಿದ್ದ ಸಸಿ ಈಗ ನಮ್ಮಣ್ಣನ ಹೊಲದ ಬದುವಿನಲ್ಲಿ ಆಳೆತ್ತರ ಇದೆ.