ಒಂದು ಸೋಗೆಯ ನೆರಳು

ತೋಟದ ಮನೆಯಲ್ಲಿ ಸೋಲಾರ್ ನಂಬಿಕೊಂಡವರಿಗೆ ಒಂದು ಮಾತು. ಪ್ಯಾನೆಲ್ ಜಾಗವನ್ನು ಏಪ್ರಿಲ್ ಬಿಸಿಲು ನೋಡಿ ಗೊತ್ತು ಮಾಡಬೇಡಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ಅಡಿಕೆ ಮರದ ನೆರಳು ಮಾಡಿನ ಮೇಲೇ ಬಂದು ಕೂರುತ್ತದೆ. ನಾನು ಮೋಸ ಹೋಗಿದ್ದು ಹೀಗೇ.

ಬಿದ್ದದ್ದು ಒಂದು ಸೋಗೆಯ ನೆರಳು, ಅಷ್ಟೇ. ಆದರೆ ಚಾರ್ಜಿಂಗ್ ಪೂರ್ತಿ ನಿಂತಿತ್ತು! 12 ವೋಲ್ಟ್ ಬ್ಯಾಟರಿಗೆ ಹಾಕುವ 36 ಸೆಲ್‌ಗಳ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಎರಡೇ ಬೈಪಾಸ್ ಡಯೋಡ್ (ನೆರಳಾದ ಭಾಗವನ್ನು ಬಿಟ್ಟು ಕರೆಂಟ್‌ಗೆ ಪಕ್ಕದ ದಾರಿ ಕೊಡುವ ಬಿಡಿಭಾಗ) ಇರುತ್ತವೆ, ಅರ್ಧರ್ಧಕ್ಕೆ ಒಂದೊಂದು. ಒಂದು ಸೆಲ್ ಮುಚ್ಚಿದರೂ ಅರ್ಧ ಪ್ಯಾನೆಲ್ ಆಟದಿಂದ ಹೊರಗೆ. ಉಳಿದರ್ಧದ ವೋಲ್ಟೇಜ್ ಬ್ಯಾಟರಿಗಿಂತ ಕಡಿಮೆ, ಮತ್ತೆ ಕರೆಂಟ್ ಹೋಗುವುದೆಲ್ಲಿಗೆ?

ಈಗ ಎರಡು ಪ್ಯಾನೆಲ್‌ಗಳನ್ನು ದೂರ ದೂರ ಇಟ್ಟು ಪ್ಯಾರಲಲ್ ಮಾಡಿದ್ದೇನೆ, ಅಂದರೆ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಜೋಡಿಸಿದ್ದೇನೆ. ಒಂದಕ್ಕೆ ನೆರಳಾದರೆ ಇನ್ನೊಂದು ದುಡಿಯುತ್ತದೆ. ಎರಡರ ಕರೆಂಟೂ ಸೇರುವುದರಿಂದ ವೈರ್ ಮಾತ್ರ ದಪ್ಪದ್ದೇ ಹಾಕಿ, ಅಲ್ಲಿ ಜಿಪುಣತನ ಬೇಡ.