ಮೌಸ್ ಮುಟ್ಟದೆ ಪದ ಹುಡುಕುವುದು

ಶಿರಸಿಯಲ್ಲಿ ಕೂತು ಅಡಿಕೆ ಬೆಳೆಗಾರರ ಕರಪತ್ರಗಳನ್ನು ತಿದ್ದುವುದು, ಕೆಲವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಒಂದೊಂದು ಪುಟಕ್ಕೂ ಹತ್ತಾರು ಪದ ಹುಡುಕಬೇಕು. ಕಾಪಿ, ಹೊಸ ಟ್ಯಾಬ್, ಪೇಸ್ಟ್, ಎಂಟರ್. ವಾಪಸ್ ಬರುವಷ್ಟರಲ್ಲಿ ಯಾವ ವಾಕ್ಯದಲ್ಲಿದ್ದೆ ಅನ್ನುವುದೇ ಮರೆತಿರುತ್ತಿತ್ತು.

ಅದಕ್ಕೇ ವಿಂಡೋಸ್‌ನಲ್ಲಿ ಆಟೋಹಾಟ್‌ಕೀ ಎಂಬ ಉಚಿತ ತಂತ್ರಾಂಶ ಹಾಕಿಕೊಂಡೆ. ಯಾವ ಕೀಲಿ ಒತ್ತಿದರೆ ಏನಾಗಬೇಕು ಅನ್ನುವುದನ್ನು ಅದಕ್ಕೆ ಬರೆದುಕೊಡಬಹುದು, ಆ ಬರಹವೇ ಸ್ಕ್ರಿಪ್ಟ್. ನಾಲ್ಕೈದು ಸಾಲಿನ ಸ್ಕ್ರಿಪ್ಟ್ ಸಾಕು. ಪದ ಸೆಲೆಕ್ಟ್ ಮಾಡಿ ಕಂಟ್ರೋಲ್, ಆಲ್ಟ್, ಜಿ ಒಟ್ಟಿಗೆ ಒತ್ತಿದರೆ ಗೂಗಲ್ ಹುಡುಕಾಟ ತೆರೆಯುತ್ತದೆ. ಜಿ ಬದಲು ಎ ಒತ್ತಿದರೆ ಅದೇ ಪದ ವಿ. ಕೃಷ್ಣ ಅವರ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್'ಗೆ ಹೋಗುತ್ತದೆ.

ಮೊದಲ ದಿನ 'ಮೈಲುತುತ್ತ' (ಕಾಪರ್ ಸಲ್ಫೇಟ್) ಸೆಲೆಕ್ಟ್ ಮಾಡಿ ಒತ್ತಿದರೆ, ಅದಕ್ಕೂ ಮುಂಚೆ ಹುಡುಕಿದ್ದ 'ಹಿಂಗಾರ' ಬಂತು. ಹೊಸ ಪದ ಕ್ಲಿಪ್‌ಬೋರ್ಡ್, ಅಂದರೆ ಕಾಪಿ ಮಾಡಿದ್ದು ಕೂರುವ ಜಾಗ, ಸೇರುವ ಮೊದಲೇ ಸ್ಕ್ರಿಪ್ಟ್ ಮುಂದಿನ ಸಾಲಿಗೆ ಓಡುತ್ತಿತ್ತು. ಮೊದಲು ಕ್ಲಿಪ್‌ಬೋರ್ಡ್ ಖಾಲಿ ಮಾಡಬೇಕು, ಆಮೇಲೆ ಕಾಪಿ, ಆಮೇಲೆ 'ಕ್ಲಿಪ್‌ವೇಟ್' ಎಂಬ ಸಾಲು. ಕ್ಲಿಪ್‌ಬೋರ್ಡ್‌ಗೆ ಏನಾದರೂ ಬರುವವರೆಗೆ ಅದು ಕಾಯುತ್ತದೆ. ಖಾಲಿ ಮಾಡದಿದ್ದರೆ ಹಳೆಯ ಪದ ಕಂಡೇ ಅದು ಮುಂದೆ ಹೋಗಿಬಿಡುತ್ತದೆ.

ಕನ್ನಡಕ್ಕೆ ಇಷ್ಟೇ ಸಾಲದು. ನಮ್ಮ ಪದಗಳಿಗೆ ಬಾಲ ಜಾಸ್ತಿ ಅಲ್ವಾ? 'ಸೋಗೆಯಿಂದ' ಅಂತ ಪೂರ್ತಿ ಕಳಿಸಿದರೆ ನಿಘಂಟು ಏನು ಮಾಡೀತು? ಅಲ್ಲಿರುವುದು 'ಸೋಗೆ'. ಹಾಗಾಗಿ ಪದದ ಮೇಲೆ ಎರಡು ಸಲ ಕ್ಲಿಕ್ ಮಾಡುವುದನ್ನೇ ಬಿಟ್ಟೆ. ಕರ್ಸರನ್ನು ಪದದ ಮೊದಲಕ್ಷರದ ಎಡಕ್ಕಿಟ್ಟು ಕಂಟ್ರೋಲ್, ಶಿಫ್ಟ್ ಜೊತೆ ಬಲ ಬಾಣ ಒತ್ತುತ್ತೇನೆ. ಆಮೇಲೆ ಶಿಫ್ಟ್ ಮಾತ್ರ ಹಿಡಿದು ಎಡ ಬಾಣದಿಂದ ಬಾಲ ಬಿಡಿಸುತ್ತೇನೆ. 'ನೀರಿನಲ್ಲಿ'ಯಂಥದ್ದು ಬಂದರೆ ಇದೂ ನಡೆಯದು. ಎಷ್ಟು ಬಿಡಿಸಿದರೂ 'ನೀರು' ಸಿಗುವುದಿಲ್ಲ, ಕೈಯಲ್ಲೇ ಟೈಪ್ ಮಾಡಬೇಕು.

ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತಗಳದ್ದು ಇನ್ನೊಂದು ಕಷ್ಟ. ಪರದೆ ಮೇಲೆ ಕನ್ನಡವೇ ಕಾಣುತ್ತದೆ, ಹುಡುಕಾಟಕ್ಕೆ ಹೋಗುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅವನ್ನು ಮೊದಲು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರ ಕನ್ನಡವಾಗಿಯೇ ಹೋಗುವ ರೂಪಕ್ಕೆ, ಬದಲಾಯಿಸಿಕೊಂಡೇ ಶುರು ಮಾಡುತ್ತೇನೆ.

ಈಗ ಪದ ಮಾತ್ರವಲ್ಲ, ಅಂಕಿಗಳನ್ನೂ ಹೀಗೇ ನೋಡುತ್ತೇನೆ. ಹುಡುಕಾಟದ ವೆಬ್ ವಿಳಾಸದಲ್ಲಿ ಖಾಲಿ ಜಾಗ ಸಲ್ಲದು, ಹಾಗಾಗಿ ಎರಡು ಮೂರು ಪದ ಒಟ್ಟಿಗಿದ್ದರೆ ನಡುವಿನ ಖಾಲಿ ಜಾಗಕ್ಕೆ ಪ್ಲಸ್ ಚಿಹ್ನೆ ಹಾಕುವ ಸಾಲೊಂದನ್ನು ಸೇರಿಸಿದ್ದೇನೆ. ಕೊಳೆ ರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಬಾಯಿಪಾಠವೇ ಆಗಿದೆ. ಆದರೂ ಅಚ್ಚಿಗೆ ಕಳಿಸುವ ಮುಂಚೆ ಆ ಸಾಲನ್ನು ಸೆಲೆಕ್ಟ್ ಮಾಡಿ ಒಮ್ಮೆ ಒತ್ತಿ ನೋಡುತ್ತೇನೆ. ಅದನ್ನು ಓದಿಯೇ ಯಾರೋ ತೋಟಕ್ಕೆ ಔಷಧಿ ಕದಡುತ್ತಾರೆ.